ಒಂದೇ ನೋಟ್‌ಬುಕ್‌ನಲ್ಲಿ ಇಬ್ಬರ ಲೆಕ್ಕ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆಗೆಂದು ನನ್ನ ಹತ್ತಿರ ಬಂದ ಆಕೆಗೆ 41 ವರ್ಷ. ಕೂತ ಕೂಡಲೇ ಬ್ಯಾಗಿನಿಂದ ಒಂದು ಚಿಕ್ಕ ನೋಟ್‌ಬುಕ್ ತೆಗೆದು ನನ್ನ ಮುಂದಿಟ್ಟರು. ಎಡಗಡೆ ಗಂಡನ ಅಂಕಿ, ಬಲಗಡೆ ತಮ್ಮದು. ಮನೆಯ ತೂಕದ ಮಷೀನು ದಿನಾ ಬೆಳಿಗ್ಗೆ ತೋರಿಸುವ ಕೊಬ್ಬಿನ ಪರ್ಸೆಂಟೇಜು. ಮೂರು ತಿಂಗಳಲ್ಲಿ ಗಂಡನದು 25ರಿಂದ 21ಕ್ಕೆ ಇಳಿದಿತ್ತು. ಇವರದು 32ರಿಂದ 31.

"ಇಬ್ಬರೂ ಒಟ್ಟಿಗೇ ವಾಕಿಂಗ್ ಹೋಗ್ತೀವಿ ಮೇಡಂ. ಅಷ್ಟೇ ದೂರ, ಅಷ್ಟೇ ಹೊತ್ತು. ನನ್ನಲ್ಲೇ ಏನೋ ಸರಿ ಇಲ್ಲ ಅಲ್ವಾ?"

ಮೂರು ವಾರದಿಂದ ರಾತ್ರಿ ಊಟ ಬಿಟ್ಟಿದ್ದರು. ಗಂಡನಿಗೂ ಹೇಳಿರಲಿಲ್ಲ. ಅದನ್ನು ಕೇಳಿದ ಮೇಲೆ ನಾನು ನೋಟ್‌ಬುಕ್ ಮುಚ್ಚಿಟ್ಟೆ.

ಹೆಣ್ಣಿನ ದೇಹ ಸರಿಯಾಗಿ ನಡೆಯಲು ಬೇಕಾದ ಕನಿಷ್ಠ ಕೊಬ್ಬೇ ಸುಮಾರು ಶೇ. 10ರಿಂದ 13. ಗಂಡಿಗೆ ಶೇ. 2ರಿಂದ 5 ಸಾಕು. ಅಂದರೆ ಆ ಎರಡು ಸಾಲುಗಳನ್ನು ಅಕ್ಕಪಕ್ಕ ಬರೆದದ್ದೇ ತಪ್ಪು. ಈಸ್ಟ್ರೋಜನ್ ಎಂಬ ಹಾರ್ಮೋನು ಹೆಂಗಸರ ಕೊಬ್ಬನ್ನು ಪೃಷ್ಠ, ತೊಡೆಯಲ್ಲಿ ಕೂಡಿಡುತ್ತದೆ. ಗಂಡಸರಲ್ಲಿ ಅದು ಹೊಟ್ಟೆಯೊಳಗೆ ಜಾಸ್ತಿ ಸೇರುತ್ತದೆ. ಹೃದಯಕ್ಕೆ ಹೆಚ್ಚು ಕೇಡು ಮಾಡುವುದು ಹೊಟ್ಟೆಯೊಳಗಿನ ಕೊಬ್ಬು. ಆದರೆ ಓಡಾಟ ಶುರುವಾದರೆ ಬೇಗ ಕರಗುವುದೂ ಅದೇ. ತೊಡೆಯದು ಸುಲಭಕ್ಕೆ ಜಗ್ಗುವುದಿಲ್ಲ. ಇದನ್ನು ಕೇಳುತ್ತಾ ಅವರು ಅತ್ತುಬಿಟ್ಟರು. ಇಷ್ಟು ದಿನ ಯಾರೂ ಹೇಳಿರಲಿಲ್ಲವಂತೆ.

ಆಮೇಲೆ ವಾಕಿಂಗ್ ಬಿಟ್ಟು ಉಳಿದ ಹೊತ್ತಿನ ಬಗ್ಗೆ ಕೇಳಿದೆ. ಗಂಡನದು ದಿನವಿಡೀ ನಿಂತು ಓಡಾಡುವ ಕೆಲಸ. ಇವರದು ಒಂಬತ್ತು ತಾಸು ಕಂಪ್ಯೂಟರ್ ಮುಂದೆ. ಊಟ ಬಿಟ್ಟ ಮೇಲೆ ಸುಸ್ತು ಬೇರೆ. ವಾಕಿಂಗ್ ಮುಗಿಸಿ ಬಂದರೆ ಮಲಗುವ ತನಕ ಏಳುತ್ತಿರಲಿಲ್ಲ. ಹೊಟ್ಟೆಗೆ ಕಡಿಮೆಯಾದಾಗ ದೇಹ ನಮಗೆ ತಿಳಿಯದಂತೆಯೇ ಓಡಾಟವನ್ನೂ ಕಡಿಮೆ ಮಾಡಿಬಿಡುತ್ತದೆ.

ಈ ಸಣ್ಣಪುಟ್ಟ ಓಡಾಟದ ಲೆಕ್ಕ ಸಣ್ಣದಲ್ಲ. 1999ರಲ್ಲಿ ಅಮೆರಿಕದ ಸಂಶೋಧಕ ಜೇಮ್ಸ್ ಲೆವಿನ್ ಮತ್ತು ಜೊತೆಗಾರರು 16 ಜನರಿಗೆ ಎಂಟು ವಾರ ದಿನಕ್ಕೆ 1000 ಕ್ಯಾಲೊರಿ ಜಾಸ್ತಿ ತಿನ್ನಿಸಿದರು. ಒಬ್ಬರಿಗೆ ಅರ್ಧ ಕಿಲೋ ಕೊಬ್ಬೂ ಸೇರಲಿಲ್ಲ, ಇನ್ನೊಬ್ಬರಿಗೆ ನಾಲ್ಕು ಕಿಲೋ ದಾಟಿತು. ಏಳುವುದು, ನಿಲ್ಲುವುದು, ಸುಮ್ನೆ ಅತ್ತಿತ್ತ ಹೋಗುವುದು ಯಾರಲ್ಲಿ ಹೆಚ್ಚಾಯಿತೋ ಅವರಿಗೆ ಕೊಬ್ಬು ಕಡಿಮೆ ಸೇರಿತ್ತು.

ನಾನು ಮೊದಲು ಹೇಳಿದ್ದು, ಇವತ್ತೇ ರಾತ್ರಿ ಊಟ ಮಾಡಿ ಎಂದು. ಮುಟ್ಟು ತಪ್ಪಿದರೆ ಅಥವಾ ತಲೆಸುತ್ತು ಬಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಬೇಕು. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟೇಳಿ, ಫೋನು ಬಂದರೆ ನಿಂತು ಮಾತಾಡಿ ಎಂದೆ. ವಾರಕ್ಕೆ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡಬೇಕು: ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಇನ್ನು ಆ ತೂಕದ ಮಷೀನು ಪಾದದಿಂದ ಸಣ್ಣ ಕರೆಂಟು ಹಾಯಿಸಿ, ಮೈಯಲ್ಲಿರುವ ನೀರಿನ ಮೇಲೆ ಕೊಬ್ಬನ್ನು ಅಂದಾಜು ಮಾಡುತ್ತದೆ. ಮುಟ್ಟಿನ ಆಸುಪಾಸಿನಲ್ಲಿ ಆ ನೀರೇ ಏರುಪೇರಾಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟದ ಸುತ್ತಳತೆ ನೋಡಿದರೆ ಸಾಕು ಎಂದೆ.

ಆರು ವಾರ ಬಿಟ್ಟು ಬಂದರು. ರಾತ್ರಿ ಊಟ ತಪ್ಪಿಸಿಲ್ಲ. ಸೊಂಟ ಎರಡು ಸೆಂಟಿಮೀಟರ್ ಇಳಿದಿದೆ. ಗಂಡ ಮಾತ್ರ ಇನ್ನೂ ಬೆಳಿಗ್ಗೆ "ಇವತ್ತು ನಿಂದೆಷ್ಟು?" ಎಂದು ಕೇಳುತ್ತಾರಂತೆ. ಪ್ರೀತಿಯಿಂದಲೇ ಕೇಳುತ್ತಾರೆ, ಆದರೂ ನನಗೆ ಚುಚ್ಚುತ್ತದೆ ಎಂದರು. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.