ಕಾರಿನ ಅಡಿಯ ಜಿಡ್ಡು: ಕೆರೆಯುವ ಮೊದಲು ನೋಡಿ

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ 1996ರ ಮಾರುತಿ 800 ನಮ್ಮಲ್ಲಿದೆ. ಅಡಿಭಾಗದಲ್ಲಿ ಎಣ್ಣೆ, ಮಣ್ಣು ಸೇರಿ ಕಪ್ಪು ಜಿಡ್ಡು ಕಲ್ಲಿನಂತಾಗಿದೆ. ವಾಟರ್ ಸರ್ವಿಸ್ ಮಾಡಿಸಿದರೂ ಜಗ್ಗಲಿಲ್ಲ. ಉಳಿಯಲ್ಲಿ ಕೆತ್ತಿ ತೆಗೆದು ಆಂಟಿ ರಸ್ಟ್ ಕೋಟಿಂಗ್ ಹೊಡೆಸಿ ಎನ್ನುತ್ತಾರೆ. ಸರಿಯೇ?
– ಓದುಗರು, ಕಾಪು

ಉತ್ತರ: ಉಳಿ ಖಂಡಿತ ಬೇಡ. ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳು ನೆಲದ ತಗಡಿಗೆ ಒತ್ತಿಕೊಂಡೇ ಹೋಗಿರುತ್ತವೆ. ಜಿಡ್ಡಿನಡಿ ಅವು ಕಾಣುವುದೂ ಇಲ್ಲ.

ಮೊದಲು ಟಾರ್ಚ್ ಹಿಡಿದು ಜಿಡ್ಡು ಎಲ್ಲಿ ದಪ್ಪಗಿದೆ ನೋಡಿ, ಫೋಟೊ ತೆಗೆದಿಡಿ. ತೊಳೆದ ಮೇಲೆ ಆ ಗುರುತು ಸಿಗದು. ಎಂಜಿನ್ ಕೆಳಗೆ ದಪ್ಪಗಿದ್ದರೆ ಆಯಿಲ್ ಸೀಲ್ ಅಥವಾ ಗ್ಯಾಸ್ಕೆಟ್ ಸೋರುತ್ತಿರಬಹುದು. ಮುಂದಿನ ಚಕ್ರದ ಒಳಬದಿಗೆ ಸಿಡಿದು ಅಂಟಿದ್ದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ (ಹೊದಿಕೆ) ಹರಿದು ಗ್ರೀಸ್ ಹಾರಿರುತ್ತದೆ. ಸೋರಿಕೆ ನಿಲ್ಲಿಸದಿದ್ದರೆ ಪಟ್ಟ ಶ್ರಮವೆಲ್ಲ ಒಂದು ಮಳೆಗಾಲಕ್ಕೇ ಮುಗಿಯಿತು.

ನಮ್ಮ ಕರಾವಳಿಯಲ್ಲಿ ನಾನು ನಿಜಕ್ಕೂ ಹೆದರುವುದು ಆ ಕಪ್ಪು ಜಿಡ್ಡಿಗಲ್ಲ. ಎಣ್ಣೆ ನೀರನ್ನು ತಡೆಯುತ್ತದೆ, ಅದರಡಿಯ ತಗಡು ಹೆಚ್ಚಾಗಿ ಗಟ್ಟಿಯೇ ಇರುತ್ತದೆ. ತಗಡು ತಿನ್ನುವುದು ಚಕ್ರದ ಮೇಲಿನ ಮಡಿಕೆಗಳಲ್ಲಿ, ಬಾಗಿಲ ಕೆಳಗಿನ ಅಂಚಿನಲ್ಲಿ ಕೂತ ಮುರಕಲ್ಲಿನ (ಜಂಬಿಟ್ಟಿಗೆ) ಕೆಂಪು ಮಣ್ಣು. ಕಡಲ ಗಾಳಿಯ ಉಪ್ಪು ಅದರಲ್ಲಿ ಸೇರಿಕೊಂಡು ಗಾಳಿಯ ತೇವವನ್ನೇ ಹೀರುತ್ತದೆ. ಮಳೆಯಿಲ್ಲದ ತಿಂಗಳಲ್ಲೂ ತುಕ್ಕು ಮುಂದುವರಿಯುತ್ತದೆ. ಕಾಪು, ಮಲ್ಪೆ, ಮರವಂತೆಯ ಹೆದ್ದಾರಿ ಬದಿಯ ಗಾಡಿಗಳಿಗೆ ಇದು ಇನ್ನೂ ಹೆಚ್ಚು. ಹಾಗಾಗಿ ಮೊದಲ ಕೆಲಸ ಆ ಮಣ್ಣನ್ನು ನೆನೆಸಿ ಬಿಡಿಸುವುದು. ನೀರು ಇಳಿದುಹೋಗುವ ಸಣ್ಣ ತೂತುಗಳನ್ನು ತಂತಿ ಹಾಕಿ ಬಿಡಿಸಿಕೊಡಿ.

ಜಿಡ್ಡಿಗೆ ಅಡಕೆ ಸಲಕೆಯ (ಅಡಕೆ ಮರದ ಸೀಳಿನ) ತುಂಡನ್ನು ಚೂಪು ಮಾಡಿ, ಇಲ್ಲವೇ ಪ್ಲಾಸ್ಟಿಕ್ ಸ್ಕ್ರೇಪರ್ ಹಿಡಿದು ದಪ್ಪ ಪದರ ಕೆರೆಯಿರಿ. ಉಳಿದದ್ದಕ್ಕೆ ಜಿಡ್ಡು ಬಿಡಿಸುವ ಡಿಗ್ರೀಸರ್ ಅಥವಾ ಸ್ವಲ್ಪ ಚಿಮಿಣಿ ಎಣ್ಣೆ (ಸೀಮೆಎಣ್ಣೆ) ಬ್ರಶ್‌ನಲ್ಲಿ ಹಚ್ಚಿ ನೆನೆಯಲು ಬಿಟ್ಟು, ಉಜ್ಜಿ, ಸೋಪು ನೀರಲ್ಲಿ ತೊಳೆಯಿರಿ. ಪೆಟ್ರೋಲ್ ಮುಟ್ಟಲೇಬೇಡಿ. ಚಿಮಿಣಿ ಎಣ್ಣೆ ರಬ್ಬರ್ ಬುಶ್, ಬ್ರೇಕ್‌ಗಳಿಗೆ ತಾಗಬಾರದು. ಸೈಲೆನ್ಸರ್ ಪೂರ್ತಿ ತಣ್ಣಗಾಗಿರಬೇಕು. ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಜಾರಿದರೆ ಜೀವವೇ ಹೋಗುತ್ತದೆ. ಸರ್ವಿಸ್ ಸ್ಟೇಷನ್ನಿನ ರ‍್ಯಾಂಪ್ ಸಿಕ್ಕರೆ ಅದೇ ಒಳ್ಳೆಯದು. ಮನೆಯಂಗಳದಲ್ಲಂತೂ ಬೇಡವೇ ಬೇಡ. ಮುರಕಲ್ಲಿನ ನೆಲ ನೀರು ಬಸಿಯುವಂಥದ್ದು, ಆ ಎಣ್ಣೆ ಬಾವಿಗೇ ಇಳಿದೀತು.

ಕೋಟಿಂಗ್ ಕೊನೆಗೆ, ಅದೂ ಮಳೆಗಾಲ ಪೂರ್ತಿ ಕಳೆದು ತಗಡು ಒಣಗಿದ ಮೇಲೆ. ಒದ್ದೆ ತಗಡಿಗೆ, ತುಕ್ಕಿನ ಮೇಲೆ ಹೊಡೆದರೆ ಒಳಗೊಳಗೇ ಕೊಳೆಯುತ್ತದೆ, ಹೊರಗೆ ಕಪ್ಪಗೆ ಚೆನ್ನಾಗಿಯೇ ಕಾಣುತ್ತದೆ. ತುಕ್ಕು ಹಿಡಿದ ಕಡೆ ತಂತಿ ಬ್ರಶ್‌ನಲ್ಲಿ ಉಜ್ಜಿ ಪ್ರೈಮರ್ ಹಚ್ಚಿ, ಒಣಗಿದ ನಂತರ ಕೋಟಿಂಗ್. ಸ್ಕ್ರೂಡ್ರೈವರ್ ತುದಿ ಒತ್ತಿದಾಗ ತಗಡು ತೂತಾದರೆ ಟಿಂಕರ್ ಹತ್ತಿರ ಹೊಸ ತಗಡು ಕೂರಿಸಿ. ಹಿಂಭಾಗದಲ್ಲಿ ವೆಲ್ಡಿಂಗ್ ಇದ್ದರೆ ಪೆಟ್ರೋಲ್ ಟ್ಯಾಂಕ್ ಇಳಿಸದೆ ಕೆಲಸ ಶುರು ಮಾಡಲು ಬಿಡಬೇಡಿ.