ಏಳೂವರೆಗೆ ಮಲಗುವ ಮಗು, ಹತ್ತಕ್ಕೆ ಕಟ್ಟುವ ಪರದೆ

ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಬೇಡವೆಂದಿದ್ದಾರೆ. ಪತ್ರದ ಸಾರ ಇಷ್ಟು: "ದಸರೆ ಮುಗಿದ ಮೇಲೆ ನಾಲ್ಕು ವರ್ಷದ ಮಗನಿಗೆ ಮಲೇರಿಯಾ ಬಂತು. ಗುಳಿಗೆ ಕೊಟ್ಟ ಮೂರೇ ದಿನಕ್ಕೆ ಜ್ವರ ಇಳಿಯಿತು. ಸಂಕ್ರಾಂತಿಯ ಹೊತ್ತಿಗೆ ಮತ್ತೆ ಅದೇ ಚಳಿ, ಅದೇ ಜ್ವರ. ನಾವೇನೂ ಕೈಕಟ್ಟಿ ಕುಳಿತಿಲ್ಲ. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕುತ್ತೇವೆ, ಕಾಯಿಲ್ ಹಚ್ಚುತ್ತೇವೆ, ನಾವು ಮಲಗುವಾಗ ಸರ್ಕಾರದವರು ಕೊಟ್ಟ ಸೊಳ್ಳೆ ಪರದೆ ಕಟ್ಟುತ್ತೇವೆ. ಆದರೆ ಮನೆಯ ಮುಂದೆ ಚರಂಡಿ ಕಟ್ಟಿಕೊಂಡು ನಿಂತಿದೆ, ಊರ ಪಕ್ಕದಲ್ಲೇ ಕಾಲುವೆ, ಭತ್ತದ ಗದ್ದೆ. ಹೊರಗೆ ಇಷ್ಟೆಲ್ಲ ಇರುವಾಗ ಮನೆಯೊಳಗೆ ಏನು ಮಾಡಿದರೆ ಏನು ಪ್ರಯೋಜನ? ಎರಡು ಪರದೆಗಳಲ್ಲಿ ಒಂದನ್ನು ನಮ್ಮ ಯಜಮಾನರು ಕೋಳಿಮರಿಗಳ ಮೇಲೆ ಕಟ್ಟಿದ್ದಾರೆ. ಯಾವ ಕಂಪನಿಯ ಕಾಯಿಲ್ ಒಳ್ಳೆಯದು ಎಂಬುದನ್ನಾದರೂ ತಿಳಿಸಿ."

ಪ್ರಿಯ ಸಹೋದರಿ,

ಕಾಯಿಲ್ ವಿಷಯವನ್ನು ಮೊದಲು ಮುಗಿಸಿಬಿಡೋಣ. ಯಾವ ಕಂಪನಿಯದೂ ಬೇಡ. ಹೊಗೆಗೆ ಸೊಳ್ಳೆ ಸ್ವಲ್ಪ ಹೊತ್ತು ದೂರ ಸರಿಯುತ್ತದೆ, ಹೊಗೆ ಆರಿದ ಮೇಲೆ ತಿರುಗಿ ಬರುತ್ತದೆ. ಮುಚ್ಚಿದ ಕೋಣೆಯಲ್ಲಿ ಒಂದು ಕಾಯಿಲ್ ಪೂರ್ತಿ ಉರಿದರೆ ಹೊರಬೀಳುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಗೆ ಸಮ ಎಂದು 2003ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು. ನಾಲ್ಕು ವರ್ಷದ ಎದೆಗೂಡಿಗೆ ಅದೇಕೆ? ಬೇವಿನ ಹೊಗೆಗೂ ಇದೇ ಮಾತು. ಬೇವಿನ ಮೇಲೆ ನನಗೂ ಭಕ್ತಿಯಿದೆ, ಆದರೆ ಹೊಗೆ ಎಂದರೆ ಹೊಗೆಯೇ. ಕರೆಂಟಿಗೆ ಸಿಕ್ಕಿಸುವ ದ್ರವದ ಯಂತ್ರ ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದಿಷ್ಟು ಕೆಲಸ ಮಾಡೀತು. ನಮ್ಮ ಸೆಕೆಯಲ್ಲಿ ಕಿಟಕಿ ಮುಚ್ಚಿ ಮಲಗುವವರು ಯಾರು? ಚಟಪಟ ಎನ್ನುವ ಬ್ಯಾಟು ಮಕ್ಕಳ ಆಟಕ್ಕೆ ಚೆನ್ನಾಗಿದೆ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಬೇರೆ ಒಂದು ಮಾತಿನ ಮೇಲೆ: "ನಾವು ಮಲಗುವಾಗ." ನೀವು ಮಲಗುವುದು ಹತ್ತಕ್ಕಿರಬಹುದು. ರೊಟ್ಟಿ ಬಡಿದು, ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ನಾಳಿನ ನೀರು ಹಿಡಿದಿಡುವಷ್ಟರಲ್ಲಿ ಹತ್ತಾಗುತ್ತದೆ. ನಾಲ್ಕು ವರ್ಷದ ಮಗು ಅಷ್ಟು ಹೊತ್ತು ಎಚ್ಚರವಿರುತ್ತದೆಯೇ? ಏಳೂವರೆಗೆ ಅಜ್ಜಿಯ ತೊಡೆಯ ಮೇಲೋ, ಕಟ್ಟೆಯ ಮೇಲೋ, ಟೀವಿಯ ಮುಂದೆ ಬರಿಮೈಯಲ್ಲೋ ಮಲಗಿರುತ್ತದೆ. ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣು ಸೊಳ್ಳೆ ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ ಕಚ್ಚುವಂಥದ್ದು. ಹತ್ತಕ್ಕೆ ನೀವು ಮಗುವನ್ನು ಎತ್ತಿ ಪರದೆಯೊಳಗೆ ಹಾಕುವ ಹೊತ್ತಿಗೆ ಅದಕ್ಕೆ ಎರಡೂವರೆ ಗಂಟೆ ಸಿಕ್ಕಿರುತ್ತದೆ. ಪರದೆ ದೊಡ್ಡವರನ್ನು ಕಾಯುತ್ತಿದೆ, ಮಗುವನ್ನು ಅರ್ಧ ರಾತ್ರಿ ಮಾತ್ರ ಕಾಯುತ್ತಿದೆ.

ಆದ್ದರಿಂದ ದೀಪ ಹಚ್ಚುವ ಹೊತ್ತಿಗೇ ಪರದೆ ಕಟ್ಟಿ. ದೊಡ್ಡವರದಲ್ಲ, ಮಗುವಿನದು. ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಬಿದಿರು ಕೋಲು ಬಿಗಿದು ಕಟ್ಟಿಟ್ಟರೆ ದಿನವೂ ಮೊಳೆ ಹುಡುಕುವ ಕಾಟವಿಲ್ಲ. ಸೆಕೆಗೆ ಹೊರಸನ್ನು ಅಂಗಳಕ್ಕೋ ಮಾಳಿಗೆಗೋ ಒಯ್ದರೂ ಪರದೆ ಜೊತೆಯಲ್ಲೇ ಹೋಗುತ್ತದೆ. ಪರದೆಯ ಅಂಚನ್ನು ಹಾಸಿದ ಕೌದಿಯ ಅಡಿಗೆ ಸಿಕ್ಕಿಸಿ. ಹಾಗೇ ಜೋಲುಬಿಟ್ಟರೆ ಮಗು ಹೊರಳಿದಾಗ ಕೈಯೋ ಕಾಲೋ ಪರದೆಗೆ ಒತ್ತಿಕೊಳ್ಳುತ್ತದೆ, ಸೊಳ್ಳೆ ಹೊರಗಿನಿಂದಲೇ ಚುಚ್ಚುತ್ತದೆ. ನಿಮಗೆ ಕೊಟ್ಟಿರುವುದು ಔಷಧಿ ಲೇಪಿಸಿದ ಪರದೆಯಾಗಿದ್ದರೆ ಅದರ ಮೇಲೆ ಕುಳಿತ ಸೊಳ್ಳೆ ಸಾಯುತ್ತದೆ, ಹಾಗಾಗಿ ಪಕ್ಕದಲ್ಲಿ ಮಲಗಿದವರಿಗೂ ಅಷ್ಟಿಷ್ಟು ಲಾಭ. ಸುಮಾರು 20 ಬಾರಿ ತೊಳೆದರೂ, ಮೂರು ವರ್ಷದವರೆಗೆ, ಅದರ ಔಷಧಿ ಉಳಿಯುವಂತೆ ಮಾಡಿರುತ್ತಾರೆ. ಆದರೆ ಬಟ್ಟೆಯಂತೆ ಬಂಡೆಗೆ ಬಡಿದು ತೊಳೆದು ಬಿಸಿಲಿಗೆ ಹಾಕಿದರೆ ಅದು ಬೇಗ ಹೋಗುತ್ತದೆ. ಸಾದಾ ಸಾಬೂನಿನಲ್ಲಿ ಮೆಲ್ಲಗೆ ತೊಳೆದು ನೆರಳಿನಲ್ಲಿ ಒಣಗಿಸಿ. ಕಾಲುವೆಯಲ್ಲೂ ಕೆರೆಯಲ್ಲೂ ತೊಳೆಯಬೇಡಿ, ಆ ಔಷಧಿ ಮೀನಿಗೆ ವಿಷ. ಇಂಥ ಪರದೆಗಳನ್ನು ಪರೀಕ್ಷಿಸಿದ ಅಧ್ಯಯನಗಳು ಹೆಚ್ಚಾಗಿ ಆಫ್ರಿಕಾದವು. ಅಲ್ಲಿ ಮಕ್ಕಳ ಒಟ್ಟು ಸಾವುಗಳೇ ಸುಮಾರು ಶೇ 17ರಷ್ಟು ಕಡಿಮೆಯಾದವು. ಇಷ್ಟು ಅಗ್ಗದ ಬಟ್ಟೆಯೊಂದು ಇಷ್ಟು ಕೆಲಸ ಮಾಡಿದ್ದು ನನಗಂತೂ ಬೇರೆಲ್ಲೂ ತಿಳಿದಿಲ್ಲ.

ಈಗ ಚರಂಡಿ. ನಿಮ್ಮ ಸಿಟ್ಟು ನ್ಯಾಯವಾದದ್ದು, ಆದರೆ ಮಲೇರಿಯಾದ ಮಟ್ಟಿಗೆ ಅದು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಕೊಳಚೆಯಲ್ಲಿ ಹುಟ್ಟುವ ಗುಂಗಾಡು ಬೇರೆ ಜಾತಿಯದು, ಕ್ಯೂಲೆಕ್ಸ್. ಅದು ಹರಡುವುದು ಆನೆಕಾಲು ರೋಗವನ್ನು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಆ ರೋಗದ ಪಟ್ಟಿಯಲ್ಲಿರುವ ಜಿಲ್ಲೆಗಳೇ. ಆದ್ದರಿಂದ ಪಂಚಾಯಿತಿಯವರ ಬೆನ್ನು ಬಿಡಬೇಡಿ. ಮಲೇರಿಯಾದ ಸೊಳ್ಳೆಗೆ ಮಾತ್ರ ತಿಳಿನೀರು ಬೇಕು. ಮಳೆನೀರು ನಿಂತ ಗುಂಡಿ, ಕಾಲುವೆಯ ಬದಿಯ ಬಸಿನೀರು, ಆಗಷ್ಟೇ ನಾಟಿ ಮಾಡಿದ ಗದ್ದೆ, ಹಳೆಯ ಬಾವಿ, ಮುಚ್ಚಳವಿಲ್ಲದ ಟ್ಯಾಂಕ್ ಅದಕ್ಕೆ ಇಷ್ಟ. ಶಹಾಬಾದ್, ಸೇಡಂ ಕಡೆ ಕಲ್ಲು ತೆಗೆದು ಬಿಟ್ಟುಹೋದ ಗಣಿಗಳಲ್ಲಿ ಮಳೆಗಾಲದಲ್ಲಿ ನಿಲ್ಲುವ ನೀಲಿ ನೀರನ್ನು ನೋಡಿದ್ದೀರಾ? ಫೋಟೊ ತೆಗೆಯುವಷ್ಟು ಚೆನ್ನಾಗಿರುತ್ತದೆ. ಸೊಳ್ಳೆಗೂ ಅದು ಚೆನ್ನಾಗಿಯೇ ಕಾಣುತ್ತದೆ.

ಗುರುತಿಸುವುದು ಕಷ್ಟವಲ್ಲ. ಗೋಡೆಯ ಮೇಲೆ ಹಿಂಭಾಗ ಮೇಲಕ್ಕೆತ್ತಿ ಓರೆಯಾಗಿ ಕುಳಿತದ್ದು ಅನಾಫಿಲಿಸ್, ಗೋಡೆಗೆ ಸಮನಾಗಿ ಕುಳಿತದ್ದು ಬೇರೆಯದು. ನೀರಿನಲ್ಲಿ ಅನಾಫಿಲಿಸ್‌ನ ಮರಿ ಮೇಲ್ಮೈಗೆ ಅಂಟಿದಂತೆ ಅಡ್ಡ ಮಲಗಿರುತ್ತದೆ, ಉಳಿದವು ತಲೆ ಕೆಳಗಾಗಿ ಜೋತಾಡುತ್ತವೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಕಣ್ಣಾರೆ ಕಂಡದ್ದು ನಮ್ಮ ಪತ್ರಿಕಾ ಕಚೇರಿಯ ಮಾಳಿಗೆಯ ಮೇಲೆ. ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ಎಷ್ಟು ದಿನವಾಗಿತ್ತೋ, ಆರೋಗ್ಯದ ಬಗ್ಗೆ ಲೇಖನ ಅಚ್ಚು ಮಾಡುತ್ತ ಕೆಳಗೆ ಕುಳಿತ ನಮಗೆ ಗೊತ್ತೇ ಇರಲಿಲ್ಲ. ಬಗ್ಗಿ ನೋಡಿದರೆ ಅಡ್ಡ ಮಲಗಿದ ಮರಿಗಳು ಹತ್ತಾರು. ಆ ದಿನದಿಂದ ಚರಂಡಿಯ ಬಗ್ಗೆ ಸಂಪಾದಕೀಯ ಬರೆಯುವಾಗ ನನ್ನ ಕೈ ಸ್ವಲ್ಪ ತಡೆಯುತ್ತದೆ.

ನಮ್ಮಲ್ಲಿ ನಲ್ಲಿ ನೀರು ದಿನವೂ ಬರುವುದಿಲ್ಲ, ತುಂಬಿಡದೆ ಗತಿಯಿಲ್ಲ. ಕೊಡ, ಹರವಿ, ಹಂಡೆ, ಡ್ರಮ್, ದನ ಕುಡಿಯುವ ಕಲ್ಲಿನ ದೋಣಿ, ಎಲ್ಲದರಲ್ಲೂ ನೀರು. ತುಂಬಿಡಬೇಡಿ ಎಂದು ಹೇಳುವವರು ನಮ್ಮ ಕಡೆ ಬದುಕಿದವರಲ್ಲ. ಆದರೆ ಮೊಟ್ಟೆ ಬಲಿತು ರೆಕ್ಕೆಯ ಸೊಳ್ಳೆಯಾಗಲು ನಮ್ಮ ಬಿಸಿಲಿನಲ್ಲೂ ಒಂದು ವಾರದಿಂದ ಹತ್ತು ದಿನ ಬೇಕು. ಹಾಗಾದರೆ ವಾರಕ್ಕೊಮ್ಮೆ ಪಾತ್ರೆ ಬರಿದು ಮಾಡಿ, ಒಳಗೋಡೆಯನ್ನು ತಿಕ್ಕಿ, ಒಣಗಿಸಿ ತುಂಬಿದರೆ ಆ ತಲೆಮಾರು ಅಲ್ಲಿಗೆ ಮುಗಿಯಿತು. ನಿಮ್ಮೂರಿನ ಸಂತೆಯ ದಿನವನ್ನೇ ಅದಕ್ಕೆ ಇಟ್ಟುಕೊಳ್ಳಿ, ಮರೆಯುವುದಿಲ್ಲ. ಬರಿದು ಮಾಡಲಾಗದ ಡ್ರಮ್ಮಿನ ಬಾಯಿಗೆ ಹಳೆಯ ಪಂಚೆ ಬಿಗಿದು ಕಟ್ಟಿ. ಸೇದದ ಬಾವಿಗೆ, ದೊಡ್ಡ ತೊಟ್ಟಿಗೆ ಸೊಳ್ಳೆಮರಿ ತಿನ್ನುವ ಗಪ್ಪಿ ಅಥವಾ ಗಂಬೂಸಿಯಾ ಮೀನು ಬಿಡಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಳ್ಳಕ್ಕೋ ಕೆರೆಗೋ ಮಾತ್ರ ಬಿಡಬೇಡಿ, ಅಲ್ಲಿನ ನಾಡಮೀನಿಗೆ ತೊಂದರೆ. ಗದ್ದೆ, ಕಾಲುವೆ ನಿಮ್ಮ ಒಬ್ಬರ ಕೈಯಲ್ಲಿಲ್ಲ. ಅದಕ್ಕೇ ಪರದೆ.

ಗೋಡೆಗೆ ಔಷಧಿ ಹೊಡೆಯುವವರು ಬಂದರೆ ಒಳಗೆ ಬಿಡಿ. ದೇವರ ಕೋಣೆ, ಅಡುಗೆಮನೆ ಎಂದು ಬಾಗಿಲು ಮುಚ್ಚಬೇಡಿ, ಆಹಾರ ಪಾತ್ರೆಗಳನ್ನು ಹೊರಗಿಟ್ಟರೆ ಸಾಕು. ನಮ್ಮ ಹಳ್ಳಿಗಳ ಅನಾಫಿಲಿಸ್ ರಕ್ತ ಕುಡಿದು ಹೊಟ್ಟೆ ಭಾರವಾದ ಮೇಲೆ ಮನೆಯ ಗೋಡೆಯ ಮೇಲೋ ದನದ ಕೊಟ್ಟಿಗೆಯಲ್ಲೋ ವಿಶ್ರಮಿಸುತ್ತದೆ, ಔಷಧಿ ತಗಲುವುದು ಆಗ. ನಾನು ಚಿಕ್ಕವನಿದ್ದಾಗ ಮಲೇರಿಯಾದವರು ಡಿಡಿಟಿ ಹೊಡೆದು ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದರು. ನಮ್ಮ ಅಜ್ಜಿ ಮರುದಿನವೇ ಮನೆಯನ್ನೆಲ್ಲ ಸಾರಿಸಿ ಸುಣ್ಣ ಬಳಿಯುತ್ತಿದ್ದಳು, ಆ ತಾರೀಖನ್ನು ಮಾತ್ರ ಭಯದಿಂದ ಬಿಡುತ್ತಿದ್ದಳು. ಹೊಡೆದ ಔಷಧಿ ಸುಣ್ಣದ ಅಡಿಗೆ ಹೋದರೆ ಯಾರಿಗೂ ಪ್ರಯೋಜನವಿಲ್ಲ. ಹಬ್ಬದ ಸುಣ್ಣವನ್ನು ಔಷಧಿಗಿಂತ ಮೊದಲೇ ಬಳಿದುಬಿಡಿ, ಇಲ್ಲವೇ ಎರಡು ಮೂರು ತಿಂಗಳು ತಡೆಯಿರಿ.

ಇಷ್ಟೆಲ್ಲ ಹೇಳಿದರೂ ಸಂಕ್ರಾಂತಿಯ ಜ್ವರಕ್ಕೆ ಸೊಳ್ಳೆಯೇ ಹೊಣೆ ಎಂದು ನನಗೆ ಅನ್ನಿಸುತ್ತಿಲ್ಲ. ಮಲೇರಿಯಾದ ಒಂದು ಬಗೆಗೆ ವೈವಾಕ್ಸ್ ಎನ್ನುತ್ತಾರೆ. ಅದರ ರೋಗಾಣು ರಕ್ತದಿಂದ ಹೋದ ಮೇಲೂ ಯಕೃತ್ತಿನಲ್ಲಿ ಅಡಗಿ ಮಲಗಿರಬಲ್ಲದು, ವಾರಗಳೋ ತಿಂಗಳುಗಳೋ ಕಳೆದು ಹೊಸ ಸೊಳ್ಳೆ ಕಚ್ಚದೆಯೂ ಎದ್ದು ಬರುತ್ತದೆ. ಅದನ್ನು ಅಲ್ಲಿಂದ ಕೀಳಲು ಪ್ರೈಮಾಕ್ವಿನ್ ಎಂಬ ಗುಳಿಗೆಯನ್ನು ಸಾಮಾನ್ಯವಾಗಿ 14 ದಿನ ಕೊಡುತ್ತಾರೆ. ಮೂರನೆಯ ದಿನ ಜ್ವರ ಇಳಿಯಿತೆಂದು ನೀವು ಬರೆದಿದ್ದೀರಿ. ಉಳಿದ ಗುಳಿಗೆಗಳು ಏನಾದವು? ಕಪಾಟಿನಲ್ಲೇ ಉಳಿದಿದ್ದರೆ ಈಗ ತೆಗೆದು ಕೊಡಬೇಡಿ. ಮಗುವಿನ ತೂಕ, ವಯಸ್ಸು ನೋಡಿ ವೈದ್ಯರೇ ಕೊಡಬೇಕಾದ ಔಷಧಿ ಅದು, ವರ್ಷ ತುಂಬದ ಕೂಸಿಗೆ ಕೊಡುವುದೇ ಇಲ್ಲ. ಹಳೆಯ ಚೀಟಿಯೊಂದಿಗೆ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಎರಡನೆಯ ಜ್ವರ ಬಂದುದನ್ನು ಹೇಳಿ.

ಇನ್ನು ಮುಂದೆ ಜ್ವರ ಬಂದರೆ ಅದೇ ದಿನ ಆಶಾ ಕಾರ್ಯಕರ್ತೆಯ ಬಳಿ ಬೆರಳು ಚುಚ್ಚಿಸಿ ರಕ್ತ ಪರೀಕ್ಷೆ ಮಾಡಿಸಿ, ಹಣ ಕೊಡಬೇಕಿಲ್ಲ. ದಿನ ಬಿಟ್ಟು ದಿನ ನಡುಕ ಬಂದರೆ ಮಾತ್ರ ಮಲೇರಿಯಾ ಎಂದು ಕಾಯಬೇಡಿ. ಚಿಕ್ಕ ಮಕ್ಕಳಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಬರಿಯ ವಾಂತಿ, ಮಂಕು, ಊಟ ಬೇಡವೆನ್ನುವುದೇ ಮೊದಲ ಲಕ್ಷಣವಾಗಬಹುದು. ಫಿಟ್ಸ್ ಬಂದರೆ, ನೀರೂ ಕುಡಿಯದಿದ್ದರೆ, ಎಬ್ಬಿಸಿದರೂ ಕಣ್ಣು ಬಿಡದಿದ್ದರೆ ಬೆಳಗಾಗಲೆಂದು ಕಾಯದೆ ದೊಡ್ಡ ಆಸ್ಪತ್ರೆಗೆ. ಮನೆಯವರು ಗುಳೆ ಹೋಗಿ ಮುಂಬೈಯಿಂದಲೋ ಮಂಗಳೂರಿನಿಂದಲೋ ಬಂದಿದ್ದರೆ ಅವರ ಜ್ವರವನ್ನೂ ಪರೀಕ್ಷೆ ಮಾಡಿಸಿ. ಕಟ್ಟಡ ಕೆಲಸದ ಜಾಗದಲ್ಲಿ ನಿಂತ ನೀರಿನ ಸೊಳ್ಳೆ ಅವರೊಂದಿಗೆ ಬಸ್ ಹತ್ತುವುದಿಲ್ಲ, ಆದರೆ ರಕ್ತದಲ್ಲಿ ರೋಗಾಣು ಬಂದರೆ ಅದನ್ನು ಮಗುವಿಗೆ ದಾಟಿಸಲು ನಿಮ್ಮೂರಿನ ಸೊಳ್ಳೆ ಸಾಕು.

ಸೊಳ್ಳೆಗೂ ಈ ಜ್ವರಕ್ಕೂ ಇರುವ ನಂಟು ಪತ್ತೆಯಾದದ್ದು ನಮ್ಮ ನೆರೆಯಲ್ಲೇ. ನಮ್ಮ ಜಿಲ್ಲೆಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ, ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಎಂಬ ವೈದ್ಯ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣುವನ್ನು ಕಂಡ. ಹುಸೇನ್ ಖಾನ್ ಎಂಬ ರೋಗಿ ಪರದೆಯೊಳಗೆ ಮಲಗಿ ಸೊಳ್ಳೆಗಳಿಂದ ಕಚ್ಚಿಸಿಕೊಂಡ, ಕಚ್ಚಿದ ಒಂದೊಂದು ಸೊಳ್ಳೆಗೆ ಅವನಿಗೆ ಒಂದು ಆಣೆ. ಅಂದು ಪರದೆ ಕಟ್ಟಿದ್ದು ಸೊಳ್ಳೆ ಹೊರಗೆ ಹೋಗದಿರಲಿ ಎಂದು.

ಕೊನೆಗೆ ನಿಮ್ಮ ಯಜಮಾನರ ಕೋಳಿಮರಿಗಳು. ಆ ಪರದೆಯನ್ನು ಬಿಚ್ಚಿಸಿ ತನ್ನಿ, ತೊಳೆದು ನೆರಳಿಗೆ ಹಾಕಿ, ಕೋಳಿ ಕುಕ್ಕಿದ ತೂತುಗಳನ್ನು ಹೊಲಿದು ಮಗನ ಹೊರಸಿಗೆ ಕಟ್ಟಿ. ಮರಿಗಳ ಮೇಲೆ ಬುಟ್ಟಿ ಬೋರಲು ಹಾಕಿದರೆ ಸಾಕು. ಹದ್ದಿನ ಭಯ ತಪ್ಪದಿದ್ದರೆ, ಮೂರು ವರ್ಷ ಕಳೆದು ಜಾಳಾದ ಹಳೆಯ ಪರದೆ ಊರಿನಲ್ಲಿ ಯಾರ ಮನೆಯಲ್ಲಾದರೂ ಸಿಕ್ಕೇ ಸಿಗುತ್ತದೆ, ಅದನ್ನು ಕೇಳಿ ತರಲಿ.

– ಸಂಪಾದಕ