ಓದುಗರ ಪ್ರಶ್ನೆ: ಲಿಸ್ಟ್ ಮುಗಿಯುದೇ ಇಲ್ಲ, ಎಂತ ಮಾಡುದು?

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡಿನ ಬದಿಯಡ್ಕ ಹತ್ತಿರ ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಅಡಿಕೆ ತೋಟ ಉಂಟು, ಅತ್ತೆಗೆ ಸೊಂಟನೋವು, ಮಗಳು ನಾಲ್ಕನೇ ಕ್ಲಾಸು, ಎಲ್‌ಎಸ್‌ಎಸ್ ಸ್ಕಾಲರ್‌ಶಿಪ್ ಪರೀಕ್ಷೆಗೆ ಓದಿಸ್ಬೇಕು. ಕುಟುಂಬಶ್ರೀ ಅಂತ ಹೆಂಗಸರ ಸ್ವಸಹಾಯ ಕೂಟ ಉಂಟಲ್ಲ, ಅದ್ರ ಲೆಕ್ಕ ಬರೆಯುದು ನಾನೇ, ಕಲೋತ್ಸವಕ್ಕೆ ಮಕ್ಕಳ ಯಕ್ಷಗಾನ ಪ್ರಾಕ್ಟೀಸೂ ನನ್ನ ತಲೆಗೇ. ಮಲಯಾಳ ಓದ್ಲಿಕ್ಕೆ ಬರ್ತದೆ ಅಂತ ಆಚೀಚೆ ಮನೆಯವ್ರು ವಿಲ್ಲೇಜ್ ಆಫೀಸಿನ ಕಾಗದ ಎಲ್ಲ ನನ್ನತ್ರವೇ ತರ್ತಾರೆ. ರಾತ್ರಿ ಕೂತು ನಾಳೆಯ ಲಿಸ್ಟ್ ಬರೀತೇನೆ, ಅರ್ಧವೂ ಆಗುದಿಲ್ಲ. ನಮ್ಮ ಮೌಲ್ಯ ಯಾವುದು ಅಂತ ನೋಡಿ ಲಿಸ್ಟ್ ಸಣ್ಣ ಮಾಡ್ಬೇಕು ಅಂತ ಒಂದು ಟ್ರೈನಿಂಗಲ್ಲಿ ಹೇಳಿದ್ರು, ಹೇಗೆ ಅಂತ ಹೇಳ್ಲಿಲ್ಲ.

ಉತ್ತರ: ಟೀಚರೇ, ನಿಮ್ಮ ಲಿಸ್ಟಲ್ಲಿ ದಂಡದ ಕೆಲಸ ಒಂದೂ ಇಲ್ಲ, ಕಷ್ಟ ಇರುದೇ ಅಲ್ಲಿ. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ 1954ರ ಒಂದು ಭಾಷಣದಲ್ಲಿ ಅರ್ಜೆಂಟ್ ಕೆಲಸ ಬೇರೆ, ಮುಖ್ಯ ಕೆಲಸ ಬೇರೆ ಅಂತ ಹೇಳಿದ್ರು, ಅದನ್ನು ಹಿಡ್ಕೊಂಡೇ ಈಗಲೂ ಟ್ರೈನಿಂಗಲ್ಲಿ ಅರ್ಜೆಂಟಾ ಅಲ್ವಾ, ಮುಖ್ಯವಾ ಅಲ್ವಾ ಅಂತ ನಾಲ್ಕು ಚೌಕ ಹಾಕಿ ಕೊಡ್ತಾರೆ, ಆದ್ರೆ ನಿಮ್ಮದೆಲ್ಲ ಒಂದೇ ಚೌಕದಲ್ಲಿ ಬಂದು ಕೂತ್ಕೊಳ್ತದೆ.

ಶಾಲೊಮ್ ಶ್ವಾರ್ಟ್ಸ್ ಅನ್ನುವ ಮನಶ್ಶಾಸ್ತ್ರಜ್ಞ 1992ರಲ್ಲಿ ಬೇರೆ ಬೇರೆ ದೇಶದ ಜನರನ್ನು ಕೇಳಿ ಹತ್ತು ಮೂಲ ಮೌಲ್ಯ ಗುರುತಿಸಿದ್ರು. ಅವರ ಲೆಕ್ಕದಲ್ಲಿ ಈ ಹತ್ತೂ ಎಲ್ಲಾ ಕಡೆಯ ಜನರಲ್ಲಿ ಕಾಣ್ತದೆ, ಮನುಷ್ಯರಿಂದ ಮನುಷ್ಯರಿಗೆ ಬದಲಾಗುದು ಯಾವುದು ಮೊದ್ಲು, ಯಾವುದು ಆಮೇಲೆ ಅನ್ನುದು ಮಾತ್ರ. ಹಾಗಾಗಿ ಪ್ರೀತಿ, ಪ್ರಾಮಾಣಿಕತೆ ಅಂತ ಒಳ್ಳೊಳ್ಳೆ ಪದ ಬರೆದಿಟ್ಟು ಪ್ರಯೋಜನ ಇಲ್ಲ. ಇವತ್ತು ಬಿಟ್ರೆ ಮುಂದಿನ ವರ್ಷವೂ ಬೇಜಾರಾಗುವ ಕೆಲಸ ಯಾವುದು ಅಂತ ಕೇಳ್ಕೊಳ್ಳಿ. ನಿಮ್ಮ ಕಾಗದ ಓದಿ ನನಗೆ ಕಂಡದ್ದು ಮೂರು: ಮನೆಯವ್ರನ್ನು ಕೈಬಿಡ್ಬಾರ್ದು, ಮಕ್ಕಳು ಕನ್ನಡದಲ್ಲಿ ಬೆಳೀಬೇಕು, ನೆರೆಮನೆಯವ್ರು ಓದ್ಲಿಕ್ಕೆ ಬಾರದ ಕಾಗದ ಹಿಡ್ಕೊಂಡು ನಿಲ್ಬಾರ್ದು. ಕ್ರಮ ತಪ್ಪಿದ್ರೆ ನೀವೇ ಬದಲು ಮಾಡಿ.

ಈಗ ಲಿಸ್ಟ್ ತೆಗೀರಿ. ಅತ್ತೆಯದ್ದು ಮೊದ್ಲು, ಅದ್ರಲ್ಲಿ ಚರ್ಚೆ ಇಲ್ಲ. ಮಗಳ ವಿಷಯದಲ್ಲಿ ನಿಮಗೆ ಬೇಕಾದ್ದು ಸ್ಕಾಲರ್‌ಶಿಪ್ಪೋ ಅವಳೊಟ್ಟಿಗೆ ಕೂರುದೋ ಅಂತ ಯೋಚಿಸಿ, ಕೂರುದೇ ಆದ್ರೆ ರಾತ್ರಿ ಅರ್ಧ ಗಂಟೆ ಒಟ್ಟಿಗೆ ಓದಿದ್ರೆ ಸಾಕು, ಗೈಡ್ ಮೇಲೆ ಗೈಡ್ ಹುಡುಕುವ ಕೆಲಸ ಲಿಸ್ಟಿಂದ ಹೋಯ್ತು. ಯಕ್ಷಗಾನ ಬಿಡ್ಬೇಡಿ ಖಂಡಿತ, ನಮ್ಮ ಕಡೆ ಮಕ್ಕಳ ಬಾಯಲ್ಲಿ ಒಳ್ಳೆ ಕನ್ನಡ ಉಳಿಯುದು ಆ ಅರ್ಥಗಾರಿಕೆಯಲ್ಲೇ. ಆದ್ರೆ ಮಾತು ಕಲಿಸುದು ಮಾತ್ರ ನಿಮ್ಮದು, ವೇಷಭೂಷಣ, ಜೀಪು, ಊಟ ಪಿಟಿಎಯವ್ರು ನೋಡ್ಲಿ. ಕುಟುಂಬಶ್ರೀ ಒಳ್ಳೆದೇ, 1998ರಿಂದ ಎಷ್ಟು ಮನೆಗೆ ಆಧಾರ ಆಗಿದೆ, ಆದ್ರೆ ಲೆಕ್ಕ ಯಾರು ಬರೆದ್ರೂ ಲೆಕ್ಕವೇ. ಕೂಟದಲ್ಲಿ ಪ್ಲಸ್ ಟು ಆದ ಹುಡುಗಿ ಇದ್ದೇ ಇರ್ತಾಳೆ, ಎರಡು ವಾರ ಪಕ್ಕದಲ್ಲಿ ಕೂರಿಸಿ ಪುಸ್ತಕ ಅವಳ ಕೈಗೆ ಕೊಡಿ.

ತೋಟವನ್ನು ಮಾತ್ರ ಮೌಲ್ಯ ನೋಡಿ ಹಿಂದೆ ಮುಂದೆ ಮಾಡ್ಲಿಕ್ಕೆ ಆಗುದಿಲ್ಲ. ಕೊಳೆರೋಗಕ್ಕೆ ಮದ್ದು ಬಿಡುದು ಮಳೆ ಹಿಡಿಯುವ ಮೊದ್ಲು ಒಮ್ಮೆ, ಮತ್ತೆ 40-45 ದಿನ ಕಳೆದು ಇನ್ನೊಮ್ಮೆ, ಅದಕ್ಕೆ ನೂರು ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ ತಂದಿಡುದೂ ಮದ್ದು ಬಿಡುವವ್ರಿಗೆ ಮೊದ್ಲೇ ಹೇಳಿಡುದೂ ಆಗ್ಬೇಕು. ಇಂಥದ್ದು ದಿನದ ಲಿಸ್ಟಲ್ಲಿ ಬೇಡ, ಕ್ಯಾಲೆಂಡರಲ್ಲಿ ಬರೆದಿಡಿ. ಕರೆಂಟ್ ಬಿಲ್ಲು, ರೇಷನ್ನೂ ಹಾಗೆಯೇ, ಅದಕ್ಕೆ ಯಾವ ಮೌಲ್ಯವನ್ನೂ ಹುಡುಕಬೇಡಿ, ವಾರಕ್ಕೊಮ್ಮೆ ಒಟ್ಟಿಗೆ ಮುಗಿಸಿ.

ಕಾಗದ ಓದಿಕೊಡುದನ್ನು ನಿಲ್ಲಿಸ್ಬೇಡಿ ಅಂತ ಕೇಳ್ಕೊಳ್ತೇನೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡದವ್ರಿಗೆ, ಅದ್ರಲ್ಲೂ ವಯಸ್ಸಾದವ್ರಿಗೆ, ಮಲಯಾಳದ ಫಾರ್ಮ್ ಅಂದ್ರೆ ಈಗಲೂ ಹೆದರಿಕೆಯೇ, ಅಂಥವ್ರಿಗೆ ನಿಮ್ಮಂಥವ್ರು ಬೇಕು. ಆದ್ರೆ ದಿನಾ ಸಂಜೆ ಬೇಡ. "ಆದಿತ್ಯವಾರ ಬೆಳಿಗ್ಗೆ ಬನ್ನಿ ಅಣ್ಣಾ, ಕೂತು ಸರೀ ನೋಡುವ" ಅಂತ ಹೇಳಿ. ಕೊನೇ ದಿನಾಂಕ ಹತ್ತಿರ ಬಂದದ್ದನ್ನು ಮಾತ್ರ ಅವತ್ತೇ ನೋಡಿ. ಒಂದೆರಡು ವಾರ ಯಾರಾದ್ರೂ ಮುಖ ಸಣ್ಣ ಮಾಡಿಯಾರು, ಆಮೇಲೆ ಅಭ್ಯಾಸ ಆಗ್ತದೆ.

ಪ್ರಶ್ನೆ: ಬಿಟ್ಟ ಕೆಲಸ ಎಲ್ಲ ರಾತ್ರಿ ತಲೆಯಲ್ಲಿ ತಿರುಗ್ತದೆ, ನಿದ್ದೆ ಬರುದಿಲ್ಲ. (ಮಂಜೇಶ್ವರದ ಓದುಗರು)

ಉತ್ತರ: ಮಸಿಕಾಂಪೊ, ಬಾಮೈಸ್ಟರ್ ಅಂತ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ರು. ಕೆಲಸ ಮುಗೀಬೇಕು ಅಂತಲೇ ಇಲ್ಲ, ಯಾವಾಗ, ಹೇಗೆ ಮಾಡುದು ಅಂತ ಸ್ಪಷ್ಟ ಪ್ಲಾನ್ ಮಾಡಿದ್ರೂ ತಲೆಯಲ್ಲಿ ತಿರುಗುದು ಕಡಿಮೆ ಆಗ್ತದೆ ಅಂತ ಅವ್ರು ಕಂಡುಕೊಂಡದ್ದು. "ಬ್ಯಾಂಕ್" ಅಂತ ಬರೀಬೇಡಿ, "ಬುಧವಾರ ಹತ್ತು ಗಂಟೆಗೆ, ಪಾಸ್‌ಬುಕ್ ಹಿಡ್ಕೊಂಡು" ಅಂತ ಬರೀರಿ. ಮೊಬೈಲಲ್ಲಿ ಬರೆದ್ರೂ ಅಡ್ಡಿ ಇಲ್ಲ, ಮಲಗುವ ಹೊತ್ತಿಗೆ ಮೊಬೈಲ್ ಬೇರೆ ಕೋಣೆಯಲ್ಲಿ ಇರ್ಲಿ.